ಕ್ರೋನ್ಸ್ ಆಪರೇಷನ್: ಕಾದ ಆರು ವಾರ, ಆಮೇಲಿನ ಆರು ತಿಂಗಳು

"ನಾಳೆಯೇ ಮಾಡಿಬಿಡಿ ಡಾಕ್ಟ್ರೇ" ಎಂದು ನಾನು ಕೈಮುಗಿದು ಕೇಳಿದ್ದೆ. ಅಷ್ಟು ಸಾಕಾಗಿಹೋಗಿತ್ತು. ಸರ್ಜನ್ ನನ್ನ ರಕ್ತದ ರಿಪೋರ್ಟನ್ನು ಎರಡು ಸಲ ನೋಡಿದರು. "ಈಗ ಮಾಡಿದರೆ ಕರುಳಿನ ಹೊಲಿಗೆ ಸರಿಯಾಗಿ ಕೂಡುತ್ತೆ ಅಂತ ನನಗೆ ಧೈರ್ಯ ಇಲ್ಲ. ಆರು ವಾರ ಕೊಡಿ. ಮೊದಲು ನಿಮ್ಮನ್ನ ಗಟ್ಟಿ ಮಾಡೋಣ" ಎಂದರು. ಆವತ್ತು ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಇವತ್ತು ಹಿಂದೆ ತಿರುಗಿ ನೋಡಿದರೆ, ನಾನು ಬೇಗ ಚೇತರಿಸಿಕೊಂಡಿದ್ದಕ್ಕೆ ಆ ಆರು ವಾರವೇ ಕಾರಣ ಅನಿಸುತ್ತದೆ. ಅದಕ್ಕೇ ಇಲ್ಲಿ ಆಪರೇಷನ್ ಟೇಬಲ್ಲಿಗಿಂತ ಅದರ ಹಿಂದಿನ ದಿನಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನನಗೆ ಕ್ರೋನ್ಸ್, ಅಂದರೆ ಕರುಳಿನಲ್ಲಿ ಉರಿಯೂತ ಮತ್ತೆ ಮತ್ತೆ ಬರುವ ದೀರ್ಘಕಾಲದ ಕಾಯಿಲೆ, ಇದೆ ಎಂದು ಗೊತ್ತಾಗಿ ಎಂಟು ವರ್ಷವಾಗಿತ್ತು. ಕಾಯಿಲೆ ಕೂತಿದ್ದು ಸಣ್ಣ ಕರುಳಿನ ಕೊನೆಯಲ್ಲಿ, ಅದು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ. ಈ ಕಾಯಿಲೆ ಬಹಳ ಜನರಿಗೆ ಬರುವುದೇ ಅಲ್ಲಿ. 1932ರಲ್ಲಿ ಅಮೆರಿಕದ ಡಾಕ್ಟರುಗಳಾದ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಸೇರಿ 14 ರೋಗಿಗಳ ಬಗ್ಗೆ ಬರೆದಾಗಲೂ ಅವರು ಹೇಳಿದ್ದು ಕರುಳಿನ ಇದೇ ತುದಿಯ ವಿಷಯ. ನನ್ನಲ್ಲಿ ಆ ಜಾಗ ಊದುವುದು, ಇಳಿಯುವುದು, ಮತ್ತೆ ಊದುವುದು ಹೀಗೇ ನಡೆದು ಕಡೆಗೆ ಗಾಯದ ಕಲೆ ಗಟ್ಟಿಯಾಗಿ ಕರುಳಿನ ದಾರಿಯೇ ಕಿರಿದಾಯಿತು. ಊಟವಾಗಿ ಒಂದೆರಡು ಗಂಟೆಗೆ ನುಲಿತ ಶುರುವಾಗುತ್ತಿತ್ತು. ಹೊಟ್ಟೆ ಉಬ್ಬಿ, ಒಳಗೆ ಗುಡುಗುಡು ಸದ್ದಾಗಿ, ವಾಂತಿ ಆದಮೇಲೆ ಸ್ವಲ್ಪ ಸಮಾಧಾನ. ಊಟ ಕಂಡರೆ ಹೆದರಿಕೆ ಬರುವ ಸ್ಥಿತಿ.

ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ಎಂಆರ್‌ಐ ಸ್ಕ್ಯಾನ್) ಮಾಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಕಿರಿದಾದ ಭಾಗ ದಾರದಂತೆ ಕಾಣುತ್ತಿತ್ತು. ಅದರ ಹಿಂದಿನ ಕರುಳು ಬಲೂನಿನಂತೆ ಉಬ್ಬಿತ್ತು. ನನ್ನ ಗ್ಯಾಸ್ಟ್ರೋ ಡಾಕ್ಟರು ಹೇಳಿದ ಒಂದು ಮಾತು ನನ್ನ ಮನಸ್ಸನ್ನು ಹಗುರ ಮಾಡಿತು. "ಔಷಧಿ ಉರಿಯೂತವನ್ನ ಇಳಿಸುತ್ತೆ. ಗಟ್ಟಿಯಾದ ಕಲೆಯನ್ನ ಕರಗಿಸೋ ಔಷಧಿ ನಮ್ಮ ಹತ್ರ ಇಲ್ಲ." ಅಲ್ಲಿಯವರೆಗೆ ಆಪರೇಷನ್ ಅಂದರೆ ನಾನು ಸೋತೆ ಎಂದೇ ಅಂದುಕೊಂಡಿದ್ದೆ. ಮಾತ್ರೆ ಸರಿಯಾಗಿ ತಗೊಂಡಿದ್ದರೆ ತಪ್ಪುತ್ತಿತ್ತೇನೋ ಎಂದು ಎಷ್ಟೋ ರಾತ್ರಿ ಕೊರಗಿದ್ದೆ. ಆ ಮಾತು ಕೇಳಿದ ಮೇಲೆ ಕೊರಗು ನಿಂತಿತು.

ಕಿರಿದಾದ ಭಾಗ ಚಿಕ್ಕದಿದ್ದರೆ ಕರುಳನ್ನು ಕತ್ತರಿಸಿ ತೆಗೆಯದೆ, ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲ ಮಾಡುವ ದಾರಿಯೂ ಇದೆ. ಅದಕ್ಕೆ ಸ್ಟ್ರಿಕ್ಚರೋಪ್ಲಾಸ್ಟಿ ಎನ್ನುತ್ತಾರೆ. ನನ್ನದು ಉದ್ದವಾಗಿತ್ತು, ಹಾಗಾಗಿ ತೆಗೆಯಲೇಬೇಕಾಯಿತು.

ಈಗ ಆ ಆರು ವಾರದ ಕಥೆ. ನನ್ನ ತೂಕ ಆರು ತಿಂಗಳಲ್ಲಿ 58 ಕಿಲೋದಿಂದ 47ಕ್ಕೆ ಇಳಿದಿತ್ತು. ರಕ್ತದಲ್ಲಿರುವ ಪ್ರೋಟೀನ್ ಆಲ್ಬುಮಿನ್ 2.6, ಇರಬೇಕಾದ್ದಕ್ಕಿಂತ ಕಮ್ಮಿ. ಹಿಮೋಗ್ಲೋಬಿನ್ 8.9. ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗುತ್ತಿದ್ದೆ. ಜೊತೆಗೆ ಸಿಗರೇಟು. ಸರ್ಜನ್ ಒಂದು ಹಾಳೆಯ ಮೇಲೆ ಇವನ್ನೆಲ್ಲ ಬರೆದು, ಒಂದೊಂದಕ್ಕೂ ಕಾರಣ ಹೇಳಿದರು. ಕರುಳಿನ ಎರಡು ತುದಿ ಸೇರಿಸಿ ಹೊಲಿದ ಮೇಲೆ ಅವು ಒಂದಾಗಿ ಬೆಳೆಯಬೇಕು. ಮೈಯಲ್ಲಿ ಪ್ರೋಟೀನ್ ಇಲ್ಲದಿದ್ದರೆ, ರಕ್ತ ಕಮ್ಮಿ ಇದ್ದರೆ ಅದು ನಿಧಾನವಾಗುತ್ತದೆ. ಸ್ಟೀರಾಯ್ಡ್ ಗಾಯ ಮಾಯುವುದನ್ನೇ ತಡೆಯುತ್ತದೆ. ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿಲಿಗ್ರಾಂಗಿಂತ ಮೇಲಿದ್ದರೆ ಸೋಂಕು, ಹೊಲಿಗೆ ಸೋರುವುದು ಎರಡರ ಅಪಾಯವೂ ಹೆಚ್ಚು. ಇದೆಲ್ಲ ಗೊತ್ತಾದ ಮೇಲೆ ಕಾಯುವುದು ಸುಮ್ನೆ ಕೂರುವುದು ಅನಿಸಲಿಲ್ಲ. ದಿನಾ ಮಾಡಬೇಕಾದ ಕೆಲಸ ಸಿಕ್ಕಿತ್ತು.

ಎಲ್ಲಕ್ಕಿಂತ ಕಷ್ಟದ್ದು ಊಟ ಬಿಡುವುದು. ಆರು ವಾರ ಪೂರ್ತಿ ಡಯಟೀಷಿಯನ್ ಕೊಟ್ಟ ಪೌಷ್ಟಿಕ ದ್ರವ ಮಾತ್ರ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದೇ. ಕಿರಿದಾದ ದಾರಿಯಲ್ಲಿ ನೀರಿನಂಥದ್ದು ಸಲೀಸಾಗಿ ಹೋಗುತ್ತದೆ, ಊತವೂ ಇಳಿಯುತ್ತದೆ, ಮೈಗೆ ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಬಾಯಿಗೆ? ಮೊದಲ ವಾರ ಆ ಸಿಹಿವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಚೆನ್ನಾಗಿ ತಣ್ಣಗೆ ಮಾಡಿ, ಮುಚ್ಚಳದ ಲೋಟದಲ್ಲಿ ಸ್ಟ್ರಾ ಹಾಕಿಕೊಂಡು, ಒಂದು ಲೋಟವನ್ನು ಅರ್ಧ ಗಂಟೆ ಗುಟುಕರಿಸಿದರೆ ಇಳಿಯುತ್ತದೆ ಎಂದು ಕಂಡುಕೊಂಡೆ. ಹಸಿವಿಗಿಂತ ಅಗಿಯುವ ಆಸೆ ಜಾಸ್ತಿ ಕಾಡುತ್ತದೆ, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮನೆಯವರು ಊಟಕ್ಕೆ ಕೂತಾಗ ನಾನು ರೂಮಿಗೆ ಹೋಗಿಬಿಡುತ್ತಿದ್ದೆ. ಒಂದು ದಿನ ಅಕ್ಕ ಬಂದು, "ನೀನು ಒಳಗೆ ಒಬ್ಬಳೇ ಕೂತರೆ ನಮಗೆ ತುತ್ತು ಇಳಿಯಲ್ಲ ಕಣೇ. ನಿನ್ನ ಲೋಟ ತಗೊಂಡು ಬಾ" ಎಂದು ಎಳೆದುಕೊಂಡು ಹೋದಳು. ಆಮೇಲಿಂದ ಎಲ್ಲರ ಜೊತೆಗೇ ಕೂತೆ. ಎರಡನೇ ವಾರ ಮುಗಿಯುವಾಗ ನುಲಿತ ನಿಂತಿತ್ತು. ಎಷ್ಟೋ ತಿಂಗಳ ನಂತರ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದೆ.

ಸ್ಟೀರಾಯ್ಡನ್ನು ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಸಿದರು. ದಯವಿಟ್ಟು ಇದನ್ನು ಯಾರೂ ತಾವೇ ನಿಲ್ಲಿಸಬೇಡಿ. ಬಹಳ ದಿನ ತಗೊಂಡಾಗ ನಮ್ಮ ಮೈ ತಾನೇ ಮಾಡಿಕೊಳ್ಳಬೇಕಾದ ಸ್ಟೀರಾಯ್ಡನ್ನು ಮಾಡುವುದು ಕಮ್ಮಿ ಮಾಡಿರುತ್ತದೆ, ಒಮ್ಮೆಲೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಆಪರೇಷನ್ ದಿನ ನನಗೆ ಇದೇ ಕಾರಣಕ್ಕೆ ಬೇರೆಯಾಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಕಬ್ಬಿಣದ ಅಂಶವನ್ನು ನರಕ್ಕೆ ಡ್ರಿಪ್ ಮೂಲಕ ಎರಡು ಸಲ ಹಾಕಿದರು. ಸಿಗರೇಟು ಬಿಟ್ಟೆ. ಕ್ರೋನ್ಸ್ ಇರುವವರು ಸೇದಿದರೆ ಆಪರೇಷನ್ ಆದಮೇಲೆ ಕಾಯಿಲೆ ಮರಳುವ ಅಪಾಯ ಸುಮಾರು ಎರಡು ಪಟ್ಟು. ಇಷ್ಟೆಲ್ಲ ಪಾಡುಪಟ್ಟು ಕರುಳು ತೆಗೆಸಿಕೊಂಡು ಆಮೇಲೆ ಅದನ್ನೇ ಮತ್ತೆ ಕರೆಯುವುದು ಬೇಡ ಅನಿಸಿತು.

ಸ್ಟೋಮಾ ನರ್ಸ್ ಭೇಟಿ ನನಗೆ ಅತಿ ಹೆದರಿಕೆಯ ದಿನವಾಗಿತ್ತು. ಒಳಗೆ ಕೀವು ಕಂಡರೆ ಅಥವಾ ಕರುಳು ತೀರಾ ಊದಿದ್ದರೆ, ಆಗಲೇ ಜೋಡಿಸದೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು (ಇದಕ್ಕೇ ಸ್ಟೋಮಾ ಎನ್ನುತ್ತಾರೆ) ಮಲಕ್ಕೆ ಚೀಲ ಕಟ್ಟಬೇಕಾಗಬಹುದು ಎಂದು ಸರ್ಜನ್ ಮೊದಲೇ ಹೇಳಿದ್ದರು. ನರ್ಸ್ ನನ್ನನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದರು. ಹೊಟ್ಟೆ ಮಡಚುವ ಜಾಗ, ಉಡುಪು ಬಿಗಿಯುವ ಜಾಗ ಎರಡನ್ನೂ ಬಿಟ್ಟು, ನನ್ನ ಕಣ್ಣಿಗೆ ಕಾಣುವ ಕಡೆ ಪೆನ್ನಿನಲ್ಲಿ ಗುರುತು ಹಾಕಿದರು. ಖಾಲಿ ಚೀಲವನ್ನು ಮನೆಗೆ ಕೊಟ್ಟು, "ಒಂದು ಸಂಜೆ ಹಾಕಿಕೊಂಡು ಓಡಾಡಿ ನೋಡಮ್ಮ" ಎಂದರು. ಹಾಕಿಕೊಂಡೆ. ಅದರಲ್ಲಿ ಸ್ವಲ್ಪ ನೀರು ತುಂಬಿ ಖಾಲಿ ಮಾಡುವುದನ್ನೂ ಕಲಿತೆ. ಕೊನೆಗೆ ನನಗೆ ಅದು ಬೇಕಾಗಲಿಲ್ಲ. ಆದರೆ ಚೀಲದ ಭಯವನ್ನು ಮನೆಯಲ್ಲೇ ಮುಗಿಸಿ ಹೋಗಿದ್ದೆ, ಅಲ್ವಾ? ಅದು ದೊಡ್ಡ ಬಲ.

ಆರನೇ ವಾರದ ಕೊನೆಗೆ ತೂಕ 51, ಆಲ್ಬುಮಿನ್ 3.5, ಹಿಮೋಗ್ಲೋಬಿನ್ 11, ಪ್ರೆಡ್ನಿಸೊಲೋನ್ 10. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಆಪರೇಷನ್ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತುಗಳಿಂದ ಕ್ಯಾಮೆರಾ ಹಾಕಿ, ನಡೆಯಿತು. ಹಿಂದಿನ ರಾತ್ರಿ ಒಂದು ಸಿಹಿ ಪಾನೀಯ ಕೊಟ್ಟರು. ಬೆಳಿಗ್ಗೆ, ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ತಿಳಿನೀರು ಕುಡಿಯಬಹುದಿತ್ತು. ಮಧ್ಯರಾತ್ರಿಯಿಂದ ತೊಟ್ಟು ನೀರೂ ಇಲ್ಲ ಎನ್ನುವ ಹಳೇ ಪದ್ಧತಿಯೇ ಇರುತ್ತದೆ ಅಂದುಕೊಂಡಿದ್ದೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಬೇಗ ಉಣಿಸುವ, ಬೇಗ ನಡೆಸುವ ಕ್ರಮ ತೋರಿಸಿಕೊಟ್ಟ ಮೇಲೆ ಬಹಳಷ್ಟು ಬದಲಾಗಿದೆಯಂತೆ.

ಎಚ್ಚರವಾದಾಗ ಮೊದಲು ಮಾಡಿದ್ದು ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟಿದ್ದು. ಚೀಲ ಇರಲಿಲ್ಲ. ನಾಲ್ಕು ಚಿಕ್ಕ ಗಾಯ, ಹೊಕ್ಕುಳ ಹತ್ತಿರ ಒಂದು ಉದ್ದದ ಗಾಯ. ಒಟ್ಟು 28 ಸೆಂಟಿಮೀಟರ್ ಸಣ್ಣ ಕರುಳು, ಜೊತೆಗೆ ದೊಡ್ಡ ಕರುಳಿನ ಮೊದಲ ತುಣುಕು ಮತ್ತು ಅಪೆಂಡಿಕ್ಸ್ ತೆಗೆದಿದ್ದರು. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಇರುತ್ತದೆ ಎಂದು ಅಕ್ಕ ನೆನಪಿಸಿದಾಗ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆಯೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಮಧ್ಯಾಹ್ನ ಬಾಗಿಲವರೆಗೆ ನಡಿಗೆ. ನೋವಿನ ಬಗ್ಗೆ ಒಂದು ಮಾತು: ನೋವು ಏರಿದ ಮೇಲೆ ಔಷಧಿ ಕೇಳುವ ತಪ್ಪು ನಾನು ಮೊದಲ ರಾತ್ರಿ ಮಾಡಿದೆ. ಹೊತ್ತು ಹೊತ್ತಿಗೆ ತಗೊಂಡರೆ ಮಾತ್ರ ನಡೆಯಲು, ಕೆಮ್ಮಲು, ಉಸಿರು ತುಂಬಾ ಎಳೆಯಲು ಆಗುತ್ತದೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳಿ. ಕರುಳು ಎಚ್ಚರವಾಗಲಿ ಎಂದು ಚೂಯಿಂಗ್ ಗಮ್ ಕೊಟ್ಟರು. ಆರು ವಾರದ ನಂತರ ಮೊದಲ ಸಲ ಏನನ್ನೋ ಅಗಿದೆ. ಕಣ್ಣಲ್ಲಿ ನೀರು ಬಂತು.

ಎಲ್ಲ ಸುಸೂತ್ರವಾಗಿ ನಡೆಯಲಿಲ್ಲ. ಮೂರನೇ ದಿನ ಹೊಟ್ಟೆ ತಮಟೆಯಂತೆ ಉಬ್ಬಿತು, ವಾಂತಿಯಾಯಿತು. ಮುಟ್ಟಿದ ಕರುಳು ಕೆಲವು ದಿನ ಮುಷ್ಕರ ಹೂಡಿದಂತೆ ಅಲುಗಾಡದೆ ಕೂರುತ್ತದೆ, ಅದಕ್ಕೆ ಇಲಿಯಸ್ ಎನ್ನುತ್ತಾರೆ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿದರು. ಆ ಒಂದೂವರೆ ದಿನ ನನಗೆ ಇಡೀ ಪಯಣದ ಅತಿ ಕೆಟ್ಟ ಹೊತ್ತು. ನರ್ಸ್ ಬಂದಾಗಲೆಲ್ಲ ಒಂದೇ ಪ್ರಶ್ನೆ, "ಗ್ಯಾಸ್ ಪಾಸ್ ಆಯ್ತಾ?" ಐದನೇ ದಿನ ಬೆಳಗಿನ ಜಾವ ಆಯಿತು. ಅಕ್ಕನನ್ನು ಎಬ್ಬಿಸಿ ಹೇಳಿದೆ. ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು.

ಹೊಲಿಗೆ ಸೋರುವ ಅಪಾಯ ಮೊದಲ ವಾರ, ಹತ್ತು ದಿನ ಜಾಸ್ತಿ. ಜ್ವರ, ಓಡುವ ನಾಡಿ, ದಿನೇ ದಿನೇ ಇಳಿಯುವ ಬದಲು ಏರುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡಿ ಎಂದು ಬರೆದುಕೊಟ್ಟರು. ಎಂಟನೇ ದಿನ ಮನೆಗೆ ಬಂದೆ. ಕರುಳಿನ ಉರಿಯೂತ ಇರುವವರಿಗೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು, ಹಾಗಾಗಿ ನಾಲ್ಕು ವಾರ ದಿನಕ್ಕೊಂದು ಹೆಪಾರಿನ್ ಇಂಜೆಕ್ಷನ್. ಅದನ್ನು ಚುಚ್ಚಲು ಅಕ್ಕ ಕಲಿತಳು.

ಮನೆಗೆ ಬಂದ ಮೇಲೆ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು. ಮೂರನೇ ವಾರ ನೀರು ನೀರಾಗಿ ಭೇದಿ ಶುರುವಾಯಿತು. ದಿನಕ್ಕೆ ಏಳೆಂಟು ಸಲ, ಉರಿಯೂ ಇತ್ತು. ಕಾಯಿಲೆ ವಾಪಸ್ ಬಂತು ಎಂದುಕೊಂಡೆ. ಯಾರಿಗೂ ಹೇಳದೆ ಒಂದು ವಾರ ಒಳಗೊಳಗೇ ಕುಸಿದೆ. ಊಟ ಕಮ್ಮಿ ಮಾಡಿದೆ. ಗಳಿಸಿದ ತೂಕದಲ್ಲಿ 2 ಕಿಲೋ ಹೋಯಿತು. ಕೊನೆಗೆ ಡಾಕ್ಟರಿಗೆ ಹೇಳಿದಾಗ ಅವರು ಮೊದಲು ಸೋಂಕು ಇಲ್ಲ ಎಂದು ಪರೀಕ್ಷೆ ಮಾಡಿಸಿದರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಯಕೃತ್ತಿನಿಂದ ಬಂದ ಪಿತ್ತರಸವನ್ನು ಮರಳಿ ಹೀರುವುದು ಸಣ್ಣ ಕರುಳಿನ ಆ ಕೊನೆಯ ಭಾಗವೇ. ಅದು ಈಗ ಇಲ್ಲ. ಪಿತ್ತ ನೇರವಾಗಿ ದೊಡ್ಡ ಕರುಳಿಗೆ ಇಳಿದು ಅಲ್ಲಿಂದ ನೀರು ಹೊರಡಿಸುತ್ತದೆ. ಪಿತ್ತವನ್ನು ಹಿಡಿದಿಟ್ಟುಕೊಳ್ಳುವ ಕೊಲೆಸ್ಟೈರಮಿನ್ ಪುಡಿ ಕೊಟ್ಟರು, ನಾಲ್ಕೇ ದಿನದಲ್ಲಿ ಹಿಡಿತಕ್ಕೆ ಬಂತು. ಆ ಪುಡಿ ಬೇರೆ ಮಾತ್ರೆಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ಆದಮೇಲೆ ತಗೊಳ್ಳಬೇಕು. ಆಪರೇಷನ್ ಆದವರು ಭೇದಿಯಾದರೆ ದಯವಿಟ್ಟು ನನ್ನ ಹಾಗೆ ಒಳಗೇ ಇಟ್ಟುಕೊಳ್ಳಬೇಡಿ.

ಬಿ12 ಹೀರುವುದೂ ಅದೇ ಭಾಗ. ಅದಕ್ಕೇ ನನಗೆ ಈಗ ಇಂಜೆಕ್ಷನ್ ನಡೆಯುತ್ತಿದೆ. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟುವುದಿಲ್ಲ, ಅವು ಕರುಳನ್ನು ಕೆಣಕಬಹುದು. ಪ್ಯಾರಾಸಿಟಮಾಲ್ ಸಾಕು. ಊಟ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ, ಮೆತ್ತಗಿನದು, ನಾರು ಕಮ್ಮಿ. ವಾರಕ್ಕೊಂದು ಹೊಸ ಪದಾರ್ಥ ಸೇರಿಸುತ್ತಾ ಹೋದೆ. ಆರು ವಾರ 4 ಕಿಲೋಗಿಂತ ಭಾರ ಎತ್ತಲಿಲ್ಲ. ಏಳನೇ ವಾರ ಅರ್ಧ ದಿನದ ಕೆಲಸಕ್ಕೆ ಹೋದೆ. ಗಾಯ ಮಾಯ್ದ ಮೇಲೂ ಸುಸ್ತು ಮಾತ್ರ ಮೂರು ತಿಂಗಳು ಬಿಡಲಿಲ್ಲ. ಮಧ್ಯಾಹ್ನ ಮಲಗಿದರೆ ಸೋಮಾರಿ ಎಂದುಕೊಳ್ಳಬಾರದು, ಒಳಗೆ ಮೈ ಕೆಲಸ ಮಾಡುತ್ತಿರುತ್ತದೆ.

ಆಪರೇಷನ್ ಈ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಮರಳಿ ಬಂದರೆ ಸಾಮಾನ್ಯವಾಗಿ ಜೋಡಿಸಿದ ಜಾಗದ ಹತ್ತಿರವೇ, ಅದೂ ನಮಗೆ ಏನೂ ಅನಿಸುವ ಮೊದಲೇ. ಹೀಗಾಗಿ ಆಪರೇಷನ್ ಆಗಿ ಆರು ತಿಂಗಳ ಹೊತ್ತಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಟ್ಯೂಬ್ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಮೈ ಚೆನ್ನಾಗಿದೆ, ಯಾಕೆ ಬೇಕು ಎಂದು ನನಗೂ ಅನಿಸಿತ್ತು. ಬೆಲ್ಜಿಯಂನ ಡಾಕ್ಟರ್ ಪಾಲ್ ರುಟ್‌ಗೀರ್ಟ್ಸ್ ಹೆಸರಿನ ಅಳತೆಯೊಂದಿದೆ, ಐ0ಯಿಂದ ಐ4ರವರೆಗೆ. ಐ0 ಅಂದರೆ ಏನೂ ಇಲ್ಲ, ಐ4 ಅಂದರೆ ಕಾಯಿಲೆ ಜೋರಾಗಿ ಮರಳಿದೆ. ನನ್ನದು ಐ1. ಡಾಕ್ಟರು ಪರದೆಯ ಮೇಲೆ ಫೋಟೋ ತೋರಿಸಿದರು. "ಇದೇ ನೋಡಿ, ಜೋಡಿಸಿದ ಜಾಗ." ತಿಳಿ ಗುಲಾಬಿ ಬಣ್ಣದ ಕರುಳು, ಅಗಲವಾದ ದಾರಿ, ಪಕ್ಕದಲ್ಲಿ ಮೂರು ಪುಟ್ಟ ಹುಣ್ಣು. ಈಗಿನ ಔಷಧಿಯನ್ನೇ ಮುಂದುವರಿಸೋಣ, ನಡುವೆ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುತ್ತಿರೋಣ ಎಂದರು.

ಹೊರಗೆ ಬಂದು ತೂಕ ನೋಡಿದೆ. 56. ಅಕ್ಕ ಆ ಹಳೇ ಹಾಳೆಯ ಕೆಳಗೆ ಅದನ್ನೂ ಬರೆದಳು.