ಹೊಸಬರು, ಹಳಬರು ಮತ್ತು ಏಪ್ರಿಲ್ ತಿಂಗಳು

ಕೊಪ್ಪಳ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯಗಳ ಲೆಕ್ಕ ತಿಂಗಳ ಕೊನೆಗೆ ನನ್ನ ಮೇಜಿಗೆ ಬರುತ್ತದೆ: ಹೊಸಬರು ಇಷ್ಟು, ಹಳಬರು ಇಷ್ಟು. ಇವೆರಡನ್ನು ಕೂಡಿಸಿ ಜಿಲ್ಲೆಯಲ್ಲಿ ಕಾಯಿಲೆ ಹೆಚ್ಚಿತು ಅಥವಾ ಇಳಿಯಿತು ಎಂದುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಲೆಕ್ಕ ಭೇಟಿಗಳದ್ದು, ಜನರದ್ದಲ್ಲ.

ಏಪ್ರಿಲ್ ವರದಿಯನ್ನೇ ನೋಡಿ. ಕೆಲವು ಕಡೆ ಹೊರರೋಗಿ ಚೀಟಿಯ ಸಂಖ್ಯೆ ಹೊಸ ಲೆಕ್ಕದ ವರ್ಷಕ್ಕೆಂದು ಆಗ ಮತ್ತೆ ಒಂದರಿಂದ ಶುರುವಾಗುತ್ತದೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರೂ ಆ ತಿಂಗಳು ಹೊಸಬರಾಗುತ್ತಾರೆ. ಚೀಟಿ ಕಳೆದುಕೊಂಡವರದೂ ಅದೇ ಕಥೆ.

ಹಾಗಾಗಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ವಯಸ್ಸು ಇವನ್ನು ಹೊಂದಿಸಿ ಒಬ್ಬೊಬ್ಬರಿಗೆ ಒಂದೊಂದು ಶಾಶ್ವತ ಸಂಖ್ಯೆ ಕೊಡತೊಡಗಿದೆ. ನಮ್ಮ ಸೀಮೆಯಲ್ಲಿ ಇದು ಸುಲಭವಲ್ಲ. ಹುಲಿಗಿಯ ಅಮ್ಮನ ಹೆಸರಿಟ್ಟುಕೊಂಡ ಹುಲಿಗೆಮ್ಮಂದಿರು ಊರಿಗೆ ಹತ್ತಾರು. ಅವರಲ್ಲಿ ಇಬ್ಬರ ಗಂಡಂದಿರ ಹೆಸರೂ ಹನುಮಂತಪ್ಪ ಆಗಿದ್ದರೆ ಆಶ್ಚರ್ಯವಿಲ್ಲ. ಅದೇ ಹೆಸರು ಒಂದು ಪುಸ್ತಕದಲ್ಲಿ ಹುಲಿಗೆಮ್ಮ, ಇನ್ನೊಂದರಲ್ಲಿ ಹುಲಿಗೆವ್ವ. ವಯಸ್ಸಂತೂ ಅಂದಾಜು, ನಲವತ್ತು ಎಂದರೆ ಮೂವತ್ತೈದರಿಂದ ನಲವತ್ತೈದು. ಅನುಮಾನ ಬಂದ ಕಡೆ ಸಮುದಾಯ ನರ್ಸ್ ಅಕ್ಕನವರನ್ನು ಕೇಳುತ್ತೇನೆ. ಅವರಿಗೆ ಮುಖ ಗೊತ್ತಿರುತ್ತದೆ.

ಕೆನಡಾದಲ್ಲಿ ಸರ್ಕಾರಿ ವಿಮೆಗೆ ವೈದ್ಯರು ಕಳಿಸುವ ಬಿಲ್ಲುಗಳಿಂದಲೂ ಆಸ್ಪತ್ರೆ ದಾಖಲಾತಿಗಳಿಂದಲೂ ಇಡೀ ದೇಶದ ಮಾನಸಿಕ ಕಾಯಿಲೆಯ ಮೇಲೆ ಕಣ್ಣಿಡುತ್ತಾರೆ. ಅಲ್ಲಿ ಬಿಲ್ಲಿನಲ್ಲಿ ಸಾಮಾನ್ಯವಾಗಿ ರೋಗದ ಸಂಕೇತವೂ ಇರುತ್ತದೆ. ನಮ್ಮಲ್ಲಿ ಎಫ್20 (ಸ್ಕಿಜೋಫ್ರೀನಿಯಾದ ಸಂಕೇತ) ಎಂದು ಬರೆಯಬೇಕಾದ ಕಡೆ ಎಷ್ಟೋ ಸಲ ಮಾತ್ರೆಯ ಹೆಸರಷ್ಟೇ ಇರುತ್ತದೆ. ಹೀಗಾಗಿ ನಾನು ಹೆಚ್ಚು ನಂಬುವುದು ಔಷಧ ವಿತರಣೆಯ ಪುಸ್ತಕವನ್ನು. ಅದರಲ್ಲಿಯೂ ಎಚ್ಚರ ಬೇಕು. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮೈಗ್ರೇನಿಗೂ ನರಗಳ ನೋವಿಗೂ ಹೋಗುತ್ತದೆ, ಫೀನೋಬಾರ್ಬಿಟೋನ್ ಮೂರ್ಛೆ ರೋಗಕ್ಕೆ. ರಿಸ್ಪೆರಿಡೋನ್ ಅಥವಾ ಅದೇ ಬಗೆಯ ಒಲಾಂಜಪಿನ್ ಬೇರೆ ಬೇರೆ ತಿಂಗಳುಗಳಲ್ಲಿ ಎರಡು ಸಲವಾದರೂ ಪಡೆದವರನ್ನು ಮಾತ್ರ ತೀವ್ರ ಕಾಯಿಲೆಯ ಪಟ್ಟಿಗೆ ಸೇರಿಸುತ್ತೇನೆ. ಸಾಮಾನ್ಯ ಖಿನ್ನತೆಗೆ ಈ ನಿಯಮ ಹೊಂದುವುದಿಲ್ಲ. ಒಮ್ಮೆ ಬಂದು ಮತ್ತೆ ಬಾರದವರೇ ಅಲ್ಲಿ ಹೆಚ್ಚು.

ಮಾತ್ರೆ ಸರಬರಾಜು ನಿಂತ ತಿಂಗಳು ರೋಗಿಗಳೂ ಕಡಿಮೆಯಾಗುತ್ತಾರೆ, ಕಾಗದದ ಮೇಲೆ. ಹಾಗಾಗಿ ಈಗ ನನ್ನ ಪಟ್ಟಿಯಲ್ಲಿ ರೋಗಿಗಳ ಸಂಖ್ಯೆಯ ಪಕ್ಕದಲ್ಲೇ ದಾಸ್ತಾನು ಖಾಲಿಯಿದ್ದ ದಿನಗಳ ಕಾಲಂ ಇದೆ. ಇನ್ನೊಂದು ಕಾಲಂ ಗುಳೆಯದ್ದು. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರನ್ನು ಚಿಕಿತ್ಸೆ ಬಿಟ್ಟವರೆಂದು ಬರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇದು ಆಸ್ಪತ್ರೆಯ ಔಷಧ ಕಿಟಕಿಯವರೆಗೆ ಬಂದವರ ಲೆಕ್ಕ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆಗ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. 2011ರ ಜನಗಣತಿಯಲ್ಲೇ ಕೊಪ್ಪಳದ ಜನಸಂಖ್ಯೆ 13.9 ಲಕ್ಷ. ಅದರಲ್ಲಿ ವಯಸ್ಕರ ಶೇ. 10.6 ಎಂದರೆ ಎಷ್ಟಾಗುತ್ತದೋ, ನಮ್ಮ ಪುಸ್ತಕಗಳಲ್ಲಿರುವವರು ಅದರ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಒಂದು ತಾಲ್ಲೂಕಿನಲ್ಲಿ ಸಂಖ್ಯೆ ಏರಿದರೆ ಕಾಯಿಲೆ ಏರಿತೆಂದು ಬರೆಯದೆ, ಅಲ್ಲಿಗೆ ಹೊಸ ವೈದ್ಯರು ಬಂದರೇ ಎಂದು ಮೊದಲು ವಿಚಾರಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ತೋರಿಸಿದ್ದೂ ಇದನ್ನೇ: ಹತ್ತಿರದಲ್ಲಿ ಚಿಕಿತ್ಸೆ ಸಿಕ್ಕರೆ ಜನ ಬರುತ್ತಾರೆ.

ಕೆಲವರು ಊರವಾರು ಪಟ್ಟಿ ಕೇಳುತ್ತಾರೆ. ಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಸಣ್ಣ ಊರಿನಲ್ಲಿ ವಯಸ್ಸು, ಲಿಂಗ ಹೇಳಿದರೆ ಸಾಕು, ಹೆಸರನ್ನು ಓದುವವರೇ ತುಂಬಿಕೊಳ್ಳುತ್ತಾರೆ. ತಾಲ್ಲೂಕುವಾರು ಪಟ್ಟಿಯಲ್ಲೂ ಯಾವುದೇ ಚೌಕದಲ್ಲಿ ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಅಂಕಿ ಹಾಕದೆ "5ಕ್ಕಿಂತ ಕಡಿಮೆ" ಎಂದು ಬರೆದು ಕಳಿಸುತ್ತೇನೆ.