ನಾಲ್ಕಡಿ ಹಲಗೆಯ ಮೇಲೆ ಹಿಮಾಲಯ: ಉಬ್ಬುನಕ್ಷೆ ಮಾಡುವ ಕ್ರಮ

ಶಿರಸಿ, ಕುಮಟಾ, ಕಾರವಾರದ ಮಕ್ಕಳು ವಸ್ತುಪ್ರದರ್ಶನಕ್ಕೆಂದು ಹಿಮಾಲಯ ಮಾಡಲು ಕೂತರೆ ಕೈ ತಾನಾಗಿಯೇ ದೇವಿಮನೆ ಘಟ್ಟವನ್ನು ಮಾಡಿಬಿಡುತ್ತದೆ. ಒಂದೇ ಒಂದು ಗೋಡೆ, ಅದರ ತಲೆಗೆ ಬಿಳಿ ಬಣ್ಣ. ನಾವು ದಿನಾ ನೋಡುವ ಪರ್ವತ ಹಾಗೇ ಇದೆ: ಕುಮಟಾದಿಂದ ಹೊರಟು ಏರು ಹತ್ತಿದರೆ ಶಿರಸಿ, ಅಲ್ಲಿಂದ ಮುಂದೆ ಬಯಲುಸೀಮೆಯವರೆಗೆ ದೊಡ್ಡ ಇಳಿತವೇ ಇಲ್ಲ. ಸಹ್ಯಾದ್ರಿ ಇಲ್ಲಿ ಪ್ರಸ್ಥಭೂಮಿಯ ಅಂಚು. ಹಿಮಾಲಯ ಮಡಿಕೆ ಪರ್ವತ. ಭಾರತದ ಭೂಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು, ಈಗಲೂ ನೂಕುತ್ತಿದೆ. ಗೋಡೆಗೆ ಒತ್ತಿದ ಚಾಪೆಯಂತೆ ನೆಲ ಸಾಲುಸಾಲಾಗಿ ಮಡಚಿಕೊಂಡಿದೆ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ನದಿ ಮೊದಲು, ಸಾಲುಗಳು ಆಮೇಲೆ, ಶಿಖರ ಕಟ್ಟಕಡೆಗೆ.

ಅಳತೆ

12 ಮಿ.ಮೀ. ಪ್ಲೈವುಡ್, 4 ಅಡಿಗೆ 2 ಅಡಿ (122 × 61 ಸೆಂ.ಮೀ.). 1 ಸೆಂ.ಮೀ.ಗೆ 20 ಕಿ.ಮೀ. ಹಿಡಿಯಿರಿ. ಹಿಮಾಲಯದ ಬಿಲ್ಲು ಸುಮಾರು 2400 ಕಿ.ಮೀ. ಉದ್ದವಿದ್ದರೂ ಎರಡು ತುದಿಗಳಾದ ನಂಗಾ ಪರ್ಬತ್ ಮತ್ತು ನಮ್ಚಾ ಬರ್ವಾ ನಡುವೆ ನೇರ ಗೆರೆ ಸುಮಾರು 2000 ಕಿ.ಮೀ. ಮಾತ್ರ. ಹಲಗೆಯಲ್ಲಿ ಅದು ಒಂದು ಮೀಟರು.

ಉತ್ತರ ಅಕ್ಷಾಂಶ 26ರಿಂದ 36.5, ಪೂರ್ವ ರೇಖಾಂಶ 73ರಿಂದ 96 ಡಿಗ್ರಿ ಸಾಕು. ಒಂದು ಡಿಗ್ರಿ ಅಕ್ಷಾಂಶಕ್ಕೆ 5.5 ಸೆಂ.ಮೀ., ಒಂದು ಡಿಗ್ರಿ ರೇಖಾಂಶಕ್ಕೆ 4.8 ಸೆಂ.ಮೀ. ಇಟ್ಟು ಪೆನ್ಸಿಲಿನಲ್ಲಿ ಚೌಕ ಹಾಕಿ. ರೇಖಾಂಶಗಳು ಉತ್ತರಕ್ಕೆ ಹೋದಂತೆ ಹತ್ತಿರ ಬರುವುದರಿಂದ ಮೇಲಂಚು, ಕೆಳಂಚಿನಲ್ಲಿ ನೂರಕ್ಕೆ ಐದಾರರಷ್ಟು ತಪ್ಪು ಬರುತ್ತದೆ. ಈ ಗಾತ್ರದ ಮಾದರಿಗೆ ಅದು ನಡೆಯುತ್ತದೆ.

ಎತ್ತರಕ್ಕೂ ಇದೇ ಅಳತೆ ಹಿಡಿದರೆ ಎವರೆಸ್ಟ್ ನಾಲ್ಕೂವರೆ ಮಿ.ಮೀ. ಕೂಡ ಬರುವುದಿಲ್ಲ. ಆದ್ದರಿಂದ ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿ, 5 ಮಿ.ಮೀ.ಗೆ 1000 ಮೀಟರ್ ಎಂದುಕೊಳ್ಳಿ. ಇಪ್ಪತ್ತು ಪಟ್ಟಿಗೆ ಹೋದರೆ ಶಿಖರಗಳು ಸೂಜಿಗಳಾಗುತ್ತವೆ, ಇಳಿಜಾರು ಸುಳ್ಳಾಗುತ್ತದೆ. ಹಿಗ್ಗಿಸಿದ್ದೆಷ್ಟು ಎಂಬುದನ್ನು ಹಲಗೆಯ ಮೇಲೇ ಬರೆಯಬೇಕು. ಬರೆಯದಿದ್ದರೆ ನೋಡಿದವರು ಪರ್ವತ ನಿಜಕ್ಕೂ ಅಷ್ಟು ಕಡಿದಾಗಿದೆ ಎಂದೇ ನಂಬಿ ಹೋಗುತ್ತಾರೆ.

ಪದರಕ್ಕೆ ದಪ್ಪ ಪೆಟ್ಟಿಗೆಯ ರಟ್ಟು. ಹತ್ತು ತುಂಡು ಪೇರಿಸಿ ಮೆಲ್ಲಗೆ ಒತ್ತಿ ಅಳೆಯಿರಿ: 5 ಸೆಂ.ಮೀ. ಬಂದರೆ ಸರಿ. 6 ಬಂದರೆ ರಟ್ಟನ್ನು ಬಿಸಾಡಬೇಡಿ, ಹಿಗ್ಗಿಸಿದ್ದು 12 ಪಟ್ಟು ಎಂದು ಬರೆದು ಮುಂದಿನ ಎತ್ತರಗಳನ್ನೆಲ್ಲ ಆ ಲೆಕ್ಕಕ್ಕೆ ತನ್ನಿ. ಥರ್ಮಾಕೋಲ್ ಬೇಡ. ಸ್ಪ್ರೇ ಬಣ್ಣ ತಾಗಿದರೆ ಕರಗಿ ಕುಳಿ ಬೀಳುತ್ತದೆ.

ನದಿಗಳು

ನಮ್ಮ ಕಾಳಿ, ಅಘನಾಶಿನಿ ಘಟ್ಟದ ಮೇಲೇ ಹುಟ್ಟಿ ಪಶ್ಚಿಮಕ್ಕೆ ಇಳಿಯುವ ಹೊಳೆಗಳು. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಹಾಗಲ್ಲ. ಮೂರೂ ಹುಟ್ಟುವುದು ಹಿಮಾಲಯದ ಆಚೆ, ಕೈಲಾಸ ಮತ್ತು ಮಾನಸ ಸರೋವರದ ಆಸುಪಾಸಿನಲ್ಲಿ. ಪರ್ವತ ಏಳುವ ಮೊದಲೇ ಹರಿಯುತ್ತಿದ್ದ ಈ ನದಿಗಳು, ಅದು ಏಳುತ್ತಿದ್ದಂತೆ ಕೊರೆಯುತ್ತ ಹೋದವು. ಅದಕ್ಕೇ ಮೊದಲು ಬರಿ ಹಲಗೆಯ ಮೇಲೆ ಇವನ್ನು ನೀಲಿ ಬಣ್ಣದಲ್ಲಿ ಬರೆಯಿರಿ: ಸಿಂಧೂ ವಾಯವ್ಯಕ್ಕೆ ಹರಿದು ನಂಗಾ ಪರ್ಬತ್‌ನ ಉತ್ತರದಲ್ಲಿ ಸುತ್ತಿ ದಕ್ಷಿಣಕ್ಕೆ ತಿರುಗಲಿ, ಬ್ರಹ್ಮಪುತ್ರ (ತಿಬೆಟ್‌ನಲ್ಲಿ ಯಾರ್ಲುಂಗ್ ತ್ಸಾಂಗ್ಪೊ) ಪೂರ್ವಕ್ಕೆ ಹರಿದು ನಮ್ಚಾ ಬರ್ವಾವನ್ನು ಬಳಸಿ ಕೆಳಗಿಳಿಯಲಿ. ಪರ್ವತದ ಎರಡು ತುದಿಗಳಲ್ಲೂ ನದಿಯ ತಿರುವು ಇದೆ. ಮಕ್ಕಳಿಗೆ ಇದನ್ನು ಬೆರಳಿಟ್ಟು ತೋರಿಸಿ.

ರಟ್ಟು ಕತ್ತರಿಸುವಾಗ ಈ ಗೆರೆಗಳ ಮೇಲೆ 3 ಮಿ.ಮೀ. ಅಗಲದ ಸಂದು ಬಿಡಬೇಕು. ಆಮೇಲೆ ಚಾಕುವಿನಲ್ಲಿ ಕೊರೆದರಾಯಿತು ಅಂದುಕೊಂಡರೆ ರಟ್ಟಿನ ಪದರ ಕಿತ್ತು ಬರುತ್ತದೆ.

ಸಾಲುಗಳು

ಭೌತಿಕ ಅಟ್ಲಾಸಿನ ಎತ್ತರದ ಬಣ್ಣಗಳನ್ನು ಚೌಕದಿಂದ ಚೌಕಕ್ಕೆ ಇಳಿಸಿಕೊಳ್ಳಿ. ಅಟ್ಲಾಸಿನಲ್ಲಿ ಇಲ್ಲದ ಎತ್ತರದ ಗೆರೆಗಳನ್ನು ಅಕ್ಕಪಕ್ಕದ ಎರಡರ ನಡುವೆ ಅಂದಾಜಿನಿಂದ ಎಳೆಯಿರಿ. ಗಂಗಾ ಬಯಲು ಬರಿ ಹಲಗೆಯೇ ಇರಲಿ, ಅದಕ್ಕೆ ರಟ್ಟು ಬೇಡ.

ದಕ್ಷಿಣದಿಂದ ಮೊದಲ ಸಾಲು ಶಿವಾಲಿಕ್, 600ರಿಂದ 1500 ಮೀ. ಒಂದೇ ಪದರದ ಕಿರಿದಾದ ಪಟ್ಟಿ, ಅರ್ಧದಿಂದ ಎರಡೂವರೆ ಸೆಂ.ಮೀ. ಅಗಲ. ಇದರ ಹಿಂದೆ ಅಲ್ಲಲ್ಲಿ ಸುಮಾರು 1 ಸೆಂ.ಮೀ. ಜಾಗ ಖಾಲಿ ಬಿಡಬೇಕು. ಅವೇ ಡೂನ್ ಕಣಿವೆಗಳು, ಡೆಹ್ರಾಡೂನ್ ಕೂತಿರುವ ಜಾಗ. ಈ ಖಾಲಿ ಬಿಡದಿದ್ದರೆ ಹಿಮಾಲಯ ಮತ್ತೆ ಒಂದೇ ಗೋಡೆಯಾಗುತ್ತದೆ. ಮುಂದಿನದು ಕಿರಿ ಹಿಮಾಲಯ, 3700ರಿಂದ 4500 ಮೀ. ಅದರ ಹಿಂದೆ ಮಹಾ ಹಿಮಾಲಯ, ಸರಾಸರಿ 6000 ಮೀ. ಅಂದರೆ ಆರು ಪದರ. ಇಡೀ ಪರ್ವತದ ಅಗಲ ಕಾಶ್ಮೀರದ ಕಡೆ ಸುಮಾರು 400 ಕಿ.ಮೀ. (20 ಸೆಂ.ಮೀ.), ಅರುಣಾಚಲದ ಕಡೆ 150 ಕಿ.ಮೀ. (7.5 ಸೆಂ.ಮೀ.). ಎರಡೂ ತುದಿ ಒಂದೇ ಅಗಲ ಬಂದಿದ್ದರೆ ಎಲ್ಲೋ ತಪ್ಪಿದೆ.

ಉತ್ತರಕ್ಕೆ ತಿಬೆಟ್. ಹಲಗೆಯ ಪೂರ್ವಾರ್ಧದಲ್ಲಿ ಮುಕ್ಕಾಲು ಪಾಲು ಜಾಗ ಇದೇ ನುಂಗುತ್ತದೆ. ಇಲ್ಲಿ ಇಡೀ ರಟ್ಟು ಪೇರಿಸುವುದು ದಂಡ. ಮೂರು ಪದರದ ಪಟ್ಟಿಗಳನ್ನು 10 ಸೆಂ.ಮೀ.ಗೊಂದರಂತೆ ಆಧಾರವಾಗಿ ಕೊಟ್ಟು, ಮೇಲೆ ಒಂದು ಹಾಳೆ ಹೊದಿಸಿ. ಮೇಲ್ಮೈ ಹಲಗೆಯಿಂದ 23–25 ಮಿ.ಮೀ. ಎತ್ತರಕ್ಕೆ ಬರಬೇಕು. ಕೊರತೆಯನ್ನು ಕಾಗದದ ರೊಟ್ಟು ತುಂಬುತ್ತದೆ.

ರೊಟ್ಟು

ಅರ್ಧ ಕಿಲೋ ಹಳೆ ಪತ್ರಿಕೆ ಚೂರು ಮಾಡಿ 24 ಗಂಟೆ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ. 1 ಲೀಟರ್ ನೀರಿಗೆ 200 ಗ್ರಾಂ ಮೈದಾ ಹಾಕಿ ಅಂಟು ಕುದಿಸಿ, ಇಳಿಸಿ. ನಮ್ಮ ಹವೆಯಲ್ಲಿ ಬರೀ ಮೈದಾ ಅಂಟು ಮೂರೇ ದಿನಕ್ಕೆ ಬೂಸಲು ಹಿಡಿಯುತ್ತದೆ. ತಡೆಗೆ ಅಡಿಕೆ ಬೆಳೆಗಾರರ ಮನೆಯಲ್ಲಿ ಇದ್ದೇ ಇರುವ ಮೈಲುತುತ್ತ (ತಾಮ್ರದ ಸಲ್ಫೇಟ್), 5 ಗ್ರಾಂ. ಅರ್ಧ ಲೋಟ ಬಿಸಿನೀರಿನಲ್ಲಿ ಕರಗಿಸಿ, ಅಂಟು ಆರಿದ ಮೇಲೆ ಸೇರಿಸಿ. ಈ ಅಂಟನ್ನು ಹಿಂಡಿದ ಕಾಗದಕ್ಕೆ ಕಲಸಿದರೆ ರೊಟ್ಟು. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದಕ್ಕೆ ಕೂತು ಪಾತ್ರೆಯೂ ಹಾಳು, ಮೈಲುತುತ್ತವೂ ವ್ಯರ್ಥ. ಇದು ವಿಷ. ದೊಡ್ಡವರೇ ಕೈಗವಸು ಹಾಕಿ ಬೆರೆಸಬೇಕು, ಅಡುಗೆಯ ಪಾತ್ರೆ ಮುಟ್ಟಿಸಬಾರದು, ರೊಟ್ಟು ಮೆತ್ತುವ ಮಕ್ಕಳಿಗೂ ಗವಸು ಕೊಡಬೇಕು.

ಮೆತ್ತುವ ಮೊದಲು ಹಲಗೆಯ ಎರಡೂ ಮೈಗೆ ಪ್ರೈಮರ್ ಬಳಿಯಿರಿ. ಒಂದೇ ಮೈ ನೀರು ಕುಡಿದರೆ ಹಲಗೆ ಸೊಟ್ಟಗಾಗುತ್ತದೆ. ಒಂದು ಸಲಕ್ಕೆ 3 ಮಿ.ಮೀ.ಗಿಂತ ದಪ್ಪ ಬೇಡ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಬಿರುಕು ಬಿಡುತ್ತದೆ, ಗಾಳಿಯಾಡುವ ನೆರಳು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಶಿಖರಗಳು

ಗುಂಡುಸೂಜಿ ಕಡಲ ಗಾಳಿಗೆ ತುಕ್ಕು ಹಿಡಿದು ಹಿಮಕ್ಕೆ ಕೆಂಪು ಕಲೆ ಮಾಡುತ್ತದೆ. ತೆಂಗಿನ ಹಿಡಿಕಡ್ಡಿಯೇ ಸರಿ. ಹಲಗೆಯಿಂದ ಅಳೆದು ಕತ್ತರಿಸಿ, ಸುತ್ತ ರೊಟ್ಟು ಮೆತ್ತಿ. ಎವರೆಸ್ಟ್ (8848.86 ಮೀ., 28.0 ಉ., 86.9 ಪೂ.) 44 ಮಿ.ಮೀ. ಕಾಂಚನಜುಂಗಾ (8586; 27.7, 88.1) 43. ನಂಗಾ ಪರ್ಬತ್ (8126, 35.2, 74.6) 41. ನಂದಾದೇವಿ (7816, 30.4, 80.0) 39. ನಮ್ಚಾ ಬರ್ವಾ (7782, 29.6, 95.1) 39. ಕೆ2 (8611, 35.9, 76.5) 43, ಆದರೆ ಅದು ಸಿಂಧೂವಿನ ಆಚೆ ಕಾರಾಕೋರಂನಲ್ಲಿದೆ. ಹಿಮಾಲಯದ ಸಾಲಿಗೆ ಸೇರಿಸಬೇಡಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಧವಳಗಿರಿ (8167, 28.7, 83.5, 41 ಮಿ.ಮೀ.) ಮತ್ತು ಅನ್ನಪೂರ್ಣಾ (8091; 28.6, 83.8, 40 ಮಿ.ಮೀ.) ಜೋಡಿಗೆ. ಎರಡರ ನಡುವೆ ಹಲಗೆಯಲ್ಲಿ ಬರೀ 1.7 ಸೆಂ.ಮೀ. ಆ ಸಂದಿಯಲ್ಲೇ ಕಾಳಿ ಗಂಡಕಿ ಹರಿಯುತ್ತದೆ, ಸುಮಾರು 2500 ಮೀ. ಮಟ್ಟದಲ್ಲಿ. ಅಂದರೆ ಕಣಿವೆಯ ತಳ ಹಲಗೆಯಿಂದ 12–13 ಮಿ.ಮೀ.ಗೆ ಇಳಿಯಬೇಕು. ರೊಟ್ಟು ಹಸಿಯಿರುವಾಗ ಒದ್ದೆ ಐಸ್‌ಕ್ರೀಮ್ ಕಡ್ಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಎಳೆಯಿರಿ. ತಳ ಮುಟ್ಟಿತೇ ಎಂದು ಗುರುತು ಹಾಕಿದ ಕಡ್ಡಿ ಇಳಿಸಿ ನೋಡಿ. ಒಣಗುವಾಗ ರೊಟ್ಟು ಕುಗ್ಗಿ ಕಣಿವೆ ಮುಚ್ಚಿಕೊಳ್ಳುತ್ತದೆ, ಮರುದಿನ ಇನ್ನೊಮ್ಮೆ ಎಳೆಯಬೇಕು.

ಬಣ್ಣ

ತಿಬೆಟ್‌ಗೆ ಬಿಳಿ ಬಳಿಯುವುದೇ ಎಲ್ಲರೂ ಮಾಡುವ ತಪ್ಪು. ಮುಂಗಾರನ್ನು ಹಿಮಾಲಯ ತಡೆಯುವುದರಿಂದ ಆಚೆ ಬದಿ ಒಣ ನೆಲ. ಶಿರಸಿಯ ಮಳೆಗೂ ಮುಂಡಗೋಡದ ಮಳೆಗೂ ಇರುವ ವ್ಯತ್ಯಾಸದ ದೊಡ್ಡ ರೂಪ ಅದು. ಕಂದು, ಬೂದು ಬಳಸಿ. ಮುಂಡಗೋಡದ ತಿಬೆಟನ್ ನೆಲೆ 1966ರಿಂದ ಇದೆ. ಅಲ್ಲಿಯ ಹಿರಿಯರಿಗೆ ಬಣ್ಣ ತೋರಿಸಿ ಕೇಳಿದರೆ ಒಳ್ಳೆಯದು. ಎವರೆಸ್ಟ್ ಚೀಟಿಯಲ್ಲಿ ಚೋಮೊಲುಂಗ್ಮಾ ಎಂಬ ಅವರ ಹೆಸರೂ, ಸಾಗರಮಾಥಾ ಎಂಬ ನೇಪಾಳದ ಹೆಸರೂ ಇರಲಿ.

ಎವರೆಸ್ಟ್ ಸುತ್ತಿನಲ್ಲಿ ಬಿಳಿ ದಕ್ಷಿಣದ ಬದಿಗೆ ಸುಮಾರು 5500 ಮೀ. (27 ಮಿ.ಮೀ.) ಮೇಲೆ, ಹಿಮ ಕಡಿಮೆ ಬೀಳುವ ಉತ್ತರದ ಬದಿಗೆ ಸುಮಾರು 6000 ಮೀ. (30 ಮಿ.ಮೀ.) ಮೇಲೆ. ಈ ಬಿಳಿಗೆ ಚಿಪ್ಪಿ ಸುಣ್ಣ ಬಳಸಬಹುದು, ಅದಕ್ಕೊಂದು ಅರ್ಥವೂ ಇದೆ. ಎವರೆಸ್ಟಿನ ನೆತ್ತಿಯ ಬಂಡೆ ಕಡಲ ತಳದಲ್ಲಿ ಕೂತ ಸುಣ್ಣಕಲ್ಲು, ಕಡಲ ಜೀವಿಗಳ ಪಳೆಯುಳಿಕೆಗಳು ಅದರಲ್ಲಿವೆ. ಅಘನಾಶಿನಿಯ ಬಳಚಿನ ಚಿಪ್ಪೂ ಅದೇ ವಸ್ತು. ಆದರೆ ಸುಣ್ಣ ಮೈಲುತುತ್ತಕ್ಕೆ ತಾಗಿದರೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಂತೆ ತಿಳಿ ನೀಲಿಗೆ ತಿರುಗುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿದು, ಪೂರ್ತಿ ಒಣಗಿಸಿ, ಆಮೇಲೆ ಸುಣ್ಣ. ಕೊನೆಗೆ ವಾರ್ನಿಷ್. ಒಳಗೆ ತೇವ ಉಳಿದಿರುವಾಗ ವಾರ್ನಿಷ್ ಹೊಡೆದರೆ ಗುಳ್ಳೆ ಏಳುತ್ತದೆ.

ಹಲಗೆಯ ಕೆಳಗಿನ ಅಂಚಿನಲ್ಲಿ, ಗಂಗಾ ಬಯಲಿನ ಖಾಲಿ ಮೂಲೆಗೆ, ಒಣಗಿದ ಅಡಿಕೆ ಹಾಳೆಯ 2.5 ಸೆಂ.ಮೀ. ಉದ್ದದ ಚೂರು ಅಂಟಿಸಿ. ಒಂದು ತುದಿ 3 ಮಿ.ಮೀ. ದಪ್ಪ ಬರುವಂತೆ ಪದರ ಜೋಡಿಸಿ, ಇನ್ನೊಂದು ತುದಿಯನ್ನು ಉಜ್ಜಿ ಹಲಗೆಯ ಮಟ್ಟಕ್ಕೆ ತನ್ನಿ. ಪಕ್ಕದ ಚೀಟಿಯಲ್ಲಿ ಬರೆಯಿರಿ: ಇದೇ ಅಳತೆಯಲ್ಲಿ ಕುಮಟಾದ ಕಡಲಿನಿಂದ ಶಿರಸಿ.