ಹಾಫ್ ಟನ್ನಿಂದ ಮುಕ್ಕಾಲು ಟನ್‌ಗೆ: ಟ್ರಾವೆಲ್ ಟ್ರೇಲರ್ ಎಳೆಯಲು ದೊಡ್ಡ ಟ್ರಕ್

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಪ್ರವಾಸದ ಮನೆ, ಕೊಂಡವರು ಮೊದಲು ನೋಡುವುದು ಟ್ರಕ್ಕಿನ ಟೋ ರೇಟಿಂಗ್. 11,000 ಪೌಂಡ್ ಎಳೆಯುತ್ತದೆ ಅಂತ ಬರೆದಿದೆ, ನಮ್ಮ ಟ್ರೇಲರ್ 7,000 ಚಿಲ್ಲರೆ, ಇನ್ನೇನು ಬೇಕು? ಎಳೆಯುವುದೇನೋ ಎಳೆಯುತ್ತದೆ, ಹೊರುವುದಕ್ಕೆ ಆಗುವುದಿಲ್ಲ. ಎಫ್-150, ರ‍್ಯಾಮ್ 1500, ಸಿಲ್ವರಾಡೊ 1500 ತರಹದ ಹಾಫ್ ಟನ್ ಟ್ರಕ್ಕುಗಳು ಎಂಜಿನ್ ಸಾಲದೆ ಸೋಲುವುದು ಕಡಿಮೆ. ಅದಕ್ಕೆ ಬಹಳ ಮೊದಲೇ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಲ್ಲ ಭಾರ, ಮುಗಿದಿರುತ್ತದೆ. ಟೋ ರೇಟಿಂಗ್ ಕೊಡುವ ಜೆ2807 ಎಂಬ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಸ್ಥೆ) ಮಾನದಂಡದಲ್ಲಿ ಟ್ರಕ್ಕಿನೊಳಗೆ ಲೆಕ್ಕಕ್ಕಿರುವುದು ತಲಾ 150 ಪೌಂಡಿನ ಇಬ್ಬರು ಮಾತ್ರ. ಮಕ್ಕಳಿಲ್ಲ, ಸೈಕಲ್ಲಿಲ್ಲ, ಸೌದೆಯಿಲ್ಲ.

ನಿಜವಾದ ಸಂಖ್ಯೆ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿರುವ ಹಳದಿ-ಬಿಳಿ ಸ್ಟಿಕ್ಕರಿನಲ್ಲಿದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿರುತ್ತದೆ. ನಮ್ಮ ಹಳೆಯ ಕ್ರೂ ಕ್ಯಾಬ್ (ನಾಲ್ಕು ಬಾಗಿಲಿನ) ಹಾಫ್ ಟನ್ನಿಗೆ ಅದು 1,480. ಲೆಕ್ಕ ಹೀಗೆ: ಟ್ರೇಲರಿನ ಮೂತಿ ಟ್ರಕ್ಕಿನ ಹಿಚ್ (ಜೋಡಿಸುವ ಕೊಂಡಿ) ಮೇಲೆ ಹಾಕುವ ಭಾರ, ಅಂದರೆ ಟಂಗ್ ವೇಟ್, 940, ಸ್ಪ್ರಿಂಗ್ ಬಾರುಗಳಿಂದ ಆ ಭಾರವನ್ನು ಮುಂದಿನ ಚಕ್ರಗಳಿಗೂ ಟ್ರೇಲರ್ ಆಕ್ಸಲಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 100, ನಾಲ್ಕು ಜನ 560, ಹಿಂದಿನ ಬೆಡ್ಡಿನಲ್ಲಿ ಜನರೇಟರ್, ಟೂಲ್ ಬಾಕ್ಸ್, ಸೌದೆ ಸೇರಿ 250. ಒಟ್ಟು 1,850. ಅಂದರೆ 370 ಪೌಂಡ್ ಜಾಸ್ತಿ.

ಟ್ರೇಲರ್ ಬ್ರೋಷರಿನಲ್ಲಿ ಟಂಗ್ ವೇಟ್ 650 ಎಂದೇ ಇದೆ. ಅದು ಖಾಲಿ ಟ್ರೇಲರಿನದು. ತುಂಬಿದ 20 ಪೌಂಡಿನ ಪ್ರೊಪೇನ್ ಸಿಲಿಂಡರ್ ಒಂದೊಂದು ಸುಮಾರು 37 ಪೌಂಡ್ ತೂಗುತ್ತದೆ. ಅಂಥವು ಎರಡು, ಜೊತೆಗೆ ತಲಾ 60 ಪೌಂಡಿನ ಎರಡು ಬ್ಯಾಟರಿ, ಎಲ್ಲವೂ ಕೂರುವುದು ಮೂತಿಯ ಮೇಲೆಯೇ. ಅದರ ಹಿಂದೆಯೇ ಸಾಮಾನು ತುಂಬುವ ಸ್ಟೋರೇಜ್. ನೀರು ಗ್ಯಾಲನ್‌ಗೆ 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ದಾಟುತ್ತದೆ, ಟ್ಯಾಂಕ್ ಆಕ್ಸಲಿನ ಮುಂದಿದ್ದರೆ ಅದರಲ್ಲೂ ಒಂದು ಪಾಲು ಹಿಚ್‌ಗೆ ಬರುತ್ತದೆ. ನಮ್ಮವರ ಟ್ರೇಲರಿನಲ್ಲಿ ಅಕ್ಕಿ ಚೀಲ, ಕುಕ್ಕರು, ಗ್ರೈಂಡರು ಇಲ್ಲದಿರುವುದುಂಟೆ. ಬ್ರೋಷರಿನ ಬದಲು ತುಂಬಿದ ಟ್ರೇಲರ್ ತೂಕದ ಶೇ 13ನ್ನು ಟಂಗ್ ವೇಟ್ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಶೇ 10ಕ್ಕಿಂತ ಕಡಿಮೆ ಮಾಡಿ ಪೇಲೋಡ್ ಉಳಿಸಲು ಹೋಗಬೇಡಿ. ಮೂತಿ ಹಗುರವಾದ ಟ್ರೇಲರ್ ಹೈವೇಯಲ್ಲಿ ಬಾಲ ಆಡಿಸಲು ಶುರುಮಾಡುತ್ತದೆ.

ಅಂದಾಜು ಸಾಕು ಎನ್ನುವವರೂ ಒಮ್ಮೆ ತೂಗಿಸಲೇಬೇಕು. ಟ್ರಕ್ ಸ್ಟಾಪುಗಳಲ್ಲಿರುವ ಕ್ಯಾಟ್ ಸ್ಕೇಲಿನಲ್ಲಿ ಪ್ರತ್ಯೇಕವಾಗಿ ತೂಗುವ ಪ್ಲಾಟ್‌ಫಾರ್ಮುಗಳಿವೆ: ಟ್ರಕ್ಕಿನ ಮುಂದಿನ ಆಕ್ಸಲ್ ಮೊದಲನೆಯದರ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರ್ ಆಕ್ಸಲುಗಳು ಮೂರನೆಯದರ ಮೇಲೆ. ಹೊರಡುವ ದಿನ ಹೇಗಿರುತ್ತದೋ ಹಾಗೆಯೇ ತುಂಬಿಕೊಂಡು, ಎಲ್ಲರೂ ಕೂತು, ಮೂರು ಸಲ ತೂಗಿಸಿ. ಒಂದು, ಹಿಚ್ಚಿನ ಸ್ಪ್ರಿಂಗ್ ಬಾರ್ ಹಾಕಿ. ಎರಡು, ಬಾರ್ ಬಿಚ್ಚಿ. ಮೂರು, ಟ್ರೇಲರ್ ಕಳಚಿಟ್ಟು ಟ್ರಕ್ ಮಾತ್ರ. 24 ಗಂಟೆಯೊಳಗೆ ಮರುತೂಕಕ್ಕೆ ದುಡ್ಡು ಕಡಿಮೆ.

ಹಳೆಯ ಟ್ರಕ್ಕಿನ ಚೀಟಿಗಳು (ಮುಂದಿನ ಆಕ್ಸಲ್, ಹಿಂದಿನದು, ಟ್ರೇಲರಿನವು, ಈ ಕ್ರಮದಲ್ಲಿ): ಬಾರ್ ಹಾಕಿದಾಗ 3,200, 4,060, 6,460. ಬಾರ್ ಬಿಚ್ಚಿದಾಗ 2,960, 4,460, 6,300. ಟ್ರಕ್ ಮಾತ್ರ 3,380 ಮತ್ತು 3,100. ಎರಡನೆಯ ಚೀಟಿಯಲ್ಲಿ ಟ್ರಕ್ಕಿನ ಎರಡು ಆಕ್ಸಲ್ ಕೂಡಿಸಿ, ಮೂರನೆಯದರ ಮೊತ್ತ ಕಳೆಯಿರಿ: 7,420ರಲ್ಲಿ 6,480 ಹೋದರೆ 940. ಅದೇ ಟಂಗ್ ವೇಟ್. ಟ್ರೇಲರ್ ಹೇರಿದಾಗ ಮುಂದಿನ ಚಕ್ರಗಳ ಮೇಲಿನ ಭಾರ 420 ಪೌಂಡ್ ಇಳಿದುಹೋಗಿದೆ. ಸ್ಟೀರಿಂಗ್ ತೇಲಿದಂತೆ ಆಗುವುದು ಇದರಿಂದಲೇ. ಬಾರ್ ಹಾಕಿದ ಮೇಲೆ ಅದರಲ್ಲಿ 240 ವಾಪಸು ಬಂತು, 160 ಟ್ರೇಲರ್ ಆಕ್ಸಲಿಗೆ ಹೋಯಿತು. ಹಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆದರೂ ಟ್ರಕ್ಕಿನ ತೂಕ 7,260. ಅದರ ಜಿವಿಡಬ್ಲ್ಯುಆರ್, ಅಂದರೆ ತುಂಬಿದ ಟ್ರಕ್ಕಿಗೆ ಕಂಪನಿ ಹಾಕಿರುವ ಮಿತಿ, 7,050. ಇನ್ನೂ 210 ಮೇಲೆ.

ಇಲ್ಲಿ ಎಲ್ಲರೂ ಕೊಡುವ ಸಲಹೆ ಏರ್ ಬ್ಯಾಗ್. ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕಿದರೆ ಕುಂಡೆ ಮೇಲೇಳುತ್ತದೆ, ನೋಡಲು ಚೆಂದ. ಪೇಲೋಡ್ ಒಂದು ಪೌಂಡೂ ಏರುವುದಿಲ್ಲ, ಮುಂದಿನ ಆಕ್ಸಲಿಗೆ ಭಾರ ವಾಪಸು ಬರುವುದಿಲ್ಲ, ಬ್ರೇಕು, ಆಕ್ಸಲು, ಚಕ್ರ ಎಲ್ಲ ಹಳೆಯವೇ.

ಮುಕ್ಕಾಲು ಟನ್ ಎಂದರೆ ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500 ವರ್ಗ. ಇಲ್ಲಿ ಒಂದು ತೊಡಕಿದೆ. ಈ ವರ್ಗದ ಬಹುತೇಕ ಟ್ರಕ್ಕುಗಳ ಜಿವಿಡಬ್ಲ್ಯುಆರ್ 10,000 ಪೌಂಡಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಭಾರ. ಆ ಭಾರವೆಲ್ಲ ನಿಮ್ಮ ಪೇಲೋಡಿನಿಂದಲೇ ಕಳೆಯುತ್ತದೆ. ನಾನು ಹೋಲಿಸಿ ನೋಡಿದ, ಹೆಚ್ಚುಕಡಿಮೆ ಒಂದೇ ಸಜ್ಜಿನ ಎರಡು ಟ್ರಕ್ಕುಗಳಲ್ಲಿ ಪೆಟ್ರೋಲಿನದಕ್ಕೆ 3,010, ಡೀಸೆಲಿನದಕ್ಕೆ 2,140. ನಮ್ಮ 1,850ಕ್ಕೆ ಡೀಸೆಲ್ ಸಾಲುತ್ತದೆ, ಉಳಿಯುವುದು 290. ಊರಿನಿಂದ ಅಪ್ಪ-ಅಮ್ಮ ಬಂದು ಹಿಂದೆ ಕೂತರೆ ಅದೂ ಮುಗಿಯಿತು. ಸನ್‌ರೂಫ್, ತಾನೇ ಇಳಿಯುವ ಮೆಟ್ಟಿಲು, ಲೆದರ್ ಸೀಟು ಎಲ್ಲ ಪೇಲೋಡ್ ತಿನ್ನುತ್ತವೆ, ಹಾಗಾಗಿ ಒಂದೇ ಮಾಡೆಲಿನ ಪಕ್ಕಪಕ್ಕದ ಟ್ರಕ್ಕುಗಳಲ್ಲೂ ಸಂಖ್ಯೆ ಬೇರೆ. ಸಹಿ ಹಾಕುವ ಮೊದಲು ನೀವು ಕೊಳ್ಳುತ್ತಿರುವ ಅದೇ ಟ್ರಕ್ಕಿನ ಸ್ಟಿಕ್ಕರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಡೀಸೆಲ್ ಯಾರಿಗೆ? ಟ್ರೇಲರ್ 10,000 ಪೌಂಡ್ ದಾಟಿದರೆ, ಅಥವಾ ತಿಂಗಳುಗಟ್ಟಲೆ ಬೆಟ್ಟದಲ್ಲೇ ಎಳೆಯುವುದಾದರೆ. ಆಗಲೂ ಪೇಲೋಡ್ ಸಾಲದಿದ್ದರೆ ಒಂದು ಟನ್ನಿನ 350 ವರ್ಗಕ್ಕೇ ಹೋಗಬೇಕು. ವಾರದ ದಿನಗಳಲ್ಲಿ ಕಾಸ್ಟ್ಕೊಗೆ, ಸ್ಕೂಲಿಗೆ ಮಾತ್ರ ಓಡುವ ಡೀಸೆಲ್ ಟ್ರಕ್ಕಿನ ಮಸಿ ಫಿಲ್ಟರ್ ತನ್ನನ್ನು ಸುಟ್ಟು ಶುಚಿಮಾಡಿಕೊಳ್ಳುವಷ್ಟು ಬಿಸಿಯೇ ಏರುವುದಿಲ್ಲ. ಅದಕ್ಕೇ ನಾನು ಆರಿಸಿದ್ದು 7.3 ಲೀಟರಿನ ಪೆಟ್ರೋಲ್ ವಿ8 ಎಂಜಿನ್ನಿನ ಎಫ್-250.

ಟ್ರಕ್ ಬದಲಾದರೆ ಹಿಚ್ಚನ್ನು ಮೊದಲಿಂದ ಹೊಂದಿಸಬೇಕು. ಹಳೆಯದನ್ನು ತೆಗೆದು ಹೊಸದಕ್ಕೆ ಸಿಕ್ಕಿಸಿ ಹೊರಡುವವರೇ ಹೆಚ್ಚು. ಫೋರ್-ವೀಲ್ ಡ್ರೈವ್ ಮುಕ್ಕಾಲು ಟನ್ ಬಹಳ ಎತ್ತರ. ಹಳೆಯದಕ್ಕೆ 2 ಇಂಚು ಇಳಿಕೆಯ ಶ್ಯಾಂಕ್ (ಹಿಚ್ಚನ್ನು ಟ್ರಕ್ಕಿಗೆ ಸಿಕ್ಕಿಸುವ ಉಕ್ಕಿನ ತೋಳು) ಸಾಕಾಗಿದ್ದರೆ ಹೊಸದಕ್ಕೆ 6 ಇಂಚಿನದು ಬೇಕಾಯಿತು. ಹಳೆಯದನ್ನೇ ಹಾಕಿದ್ದರೆ ಟ್ರೇಲರಿನ ಮೂಗು ಮೇಲೆದ್ದು, ಅದರ ಹಿಂದಿನ ಆಕ್ಸಲಿನ ಟೈರುಗಳೇ ಹೆಚ್ಚು ಹೊರುತ್ತವೆ. ಶ್ಯಾಂಕ್ ತೂರುವ ಚೌಕ ಕೊಳವೆ, ಅಂದರೆ ರಿಸೀವರೂ 2 ಇಂಚಿನದಲ್ಲ, 2.5 ಇಂಚಿನದು. ಸ್ಲೀವ್ ತೂರಿಸಿ ಹಳೆಯ ಶ್ಯಾಂಕ್ ಬಳಸಬಹುದು, ಆದರೆ ಸಂದು ಬಿಟ್ಟು ಟಕಟಕ ಬಡಿಯುತ್ತದೆ, ನೇರ 2.5 ಇಂಚಿನ ಶ್ಯಾಂಕ್ ಒಳ್ಳೆಯದು. ರಿಸೀವರಿನ ಮೇಲೂ ಒಂದು ಸ್ಟಿಕ್ಕರಿದೆ: ಬಾರ್ ಇಲ್ಲದೆ ಎಷ್ಟು, ಬಾರ್ ಇದ್ದರೆ ಎಷ್ಟು ಎಂದು ಎರಡು ಸಂಖ್ಯೆ. ಅದನ್ನೂ ಓದಿ.

ಹೊಂದಿಸುವ ವಿಧಾನ: ಸಮತಟ್ಟು ಜಾಗದಲ್ಲಿ ಟ್ರಕ್ ನಿಲ್ಲಿಸಿ, ಮುಂದಿನ ಚಕ್ರದ ನಡುವಿನ ನೇರಕ್ಕೆ, ನೆಲದಿಂದ ಮೇಲೆ ಫೆಂಡರಿನ (ಮಡ್‌ಗಾರ್ಡ್) ಅಂಚಿನವರೆಗೆ ಅಳೆಯಿರಿ. ನಮ್ಮದು 40¼ ಇಂಚು. ಬಾರ್ ಇಲ್ಲದೆ ಟ್ರೇಲರ್ ಹೇರಿದಾಗ 41¼. ಬಾರ್ ಹಾಕಿದ ಮೇಲೆ 40¾, ಅಂದರೆ ಎದ್ದದ್ದರಲ್ಲಿ ಅರ್ಧ ಇಳಿಯಬೇಕು ಎಂಬ ಗುರಿ. ನಿಮ್ಮ ಟ್ರಕ್ಕಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಮುಕ್ಕಾಲು ಟನ್ನಿನ ಹಿಂದಿನ ಸ್ಪ್ರಿಂಗ್ ಗಡಸು. ಹಳೆಯ ಟ್ರಕ್ಕಿಗೆ ಹಾಕಿದ್ದಷ್ಟೇ ಬಿಗಿ ಹಾಕಿದರೆ ಭಾರ ವಿಪರೀತ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರಾಗುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಅದು ಅಪಾಯ. ಹಿಚ್ ಹೆಡ್ಡಿನ ಓರೆ ನಿರ್ಧರಿಸುವ ವಾಷರ್ 6 ಇದ್ದದ್ದನ್ನು 4ಕ್ಕೆ ಇಳಿಸಿ, ಬಾರ್ ಕೂರುವ ಟ್ರೇಲರ್ ಫ್ರೇಮಿನ ಬ್ರಾಕೆಟ್ಟನ್ನು ಒಂದು ತೂತು ಕೆಳಗೆ ಕೂರಿಸಿದಾಗ ಅಳತೆ ಸರಿಬಂತು. ಆಮೇಲೆ ಸ್ಕೇಲಿನಲ್ಲಿ: 4,160, 4,540, 6,440. ಟ್ರಕ್ 8,700, ಮಿತಿ 10,000.

ಟ್ರಕ್ಕಿನೊಳಗಿಂದ ಟ್ರೇಲರಿನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರಿನ ಗೇನ್ ಸಂಖ್ಯೆಯನ್ನೂ (ಬ್ರೇಕ್ ಎಷ್ಟು ಬಿಗಿ ಎಂಬುದನ್ನು) ಹಳೆಯದರಿಂದ ನಕಲು ಮಾಡಬಾರದು. ಒಣ, ಸಮತಟ್ಟು ರಸ್ತೆಯಲ್ಲಿ ಮೊದಲು ಕೆಲವು ಸಲ ಬ್ರೇಕ್ ಒತ್ತಿ ಟ್ರೇಲರಿನ ಡ್ರಮ್ ಬೆಚ್ಚಗೆ ಮಾಡಿ. ಗಂಟೆಗೆ 20ರಿಂದ 25 ಮೈಲಿಯಲ್ಲಿ ಪೆಡಲ್ ಮುಟ್ಟದೆ ಕೈಯ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆದರೆ ಗೇನ್ ಇಳಿಸಿ, ಎಳೆತವೇ ಗೊತ್ತಾಗದಿದ್ದರೆ ಏರಿಸಿ. ಲಾಕ್ ಆಗುವುದಕ್ಕೆ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. ಬ್ರೇಕ್‌ಅವೇ ತಂತಿಯನ್ನು, ಅಂದರೆ ಟ್ರೇಲರ್ ಕಳಚಿಹೋದರೆ ಅದರ ಬ್ರೇಕ್ ಹಿಡಿಸುವ ತಂತಿಯನ್ನು, ಟ್ರಕ್ಕಿನ ದೇಹಕ್ಕೇ ಕಟ್ಟಿ; ಶ್ಯಾಂಕಿಗೆ ಕಟ್ಟಿದರೆ ಶ್ಯಾಂಕೇ ಕಳಚಿ ಬಂದಾಗ ತಂತಿಯೂ ಅದರ ಜೊತೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಟೈರು ಈಗ ಎಲ್‌ಟಿ, ಲೋಡ್ ರೇಂಜ್ ಇ, ಅಂದರೆ ಹೆಚ್ಚು ಭಾರ ಹೊರುವ ಟ್ರಕ್ ಟೈರು. ಪಕ್ಕದ ಗೋಡೆ ಗಡಸಾದ್ದರಿಂದ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಿನ ತೂಗಾಟ ಬಹಳ ಕಡಿಮೆ. ಗಾಳಿ ಬಾಗಿಲಿನ ಸ್ಟಿಕ್ಕರಿನಲ್ಲಿದ್ದಂತೆ, ತಣ್ಣಗಿರುವಾಗ.

ಮನೆಯ ಕಡೆಗೂ ಸ್ವಲ್ಪ ಅಳೆಯಬೇಕು. ಕ್ರೂ ಕ್ಯಾಬ್, ಆರೂಮುಕ್ಕಾಲು ಅಡಿ ಬೆಡ್ಡಿನ ಎಫ್-250 ಉದ್ದ 250 ಇಂಚು, ಅಂದರೆ 20 ಅಡಿ 10 ಇಂಚು. 20 ಅಡಿಯ ಗ್ಯಾರೇಜಿಗೆ ಹೋಗುವುದಿಲ್ಲ. ಏರ್‌ಪೋರ್ಟು, ಆಸ್ಪತ್ರೆಗಳ ಪಾರ್ಕಿಂಗ್ ಗ್ಯಾರೇಜಿನ ಎತ್ತರದ ಬೋರ್ಡ್ ಓದದೆ ಒಳಗೆ ತೂರಬೇಡಿ. ಇನ್ನೊಂದು, ಟ್ರೇಲರ್ ಹೇರಿರುವಾಗ ಟೇಲ್‌ಗೇಟ್ ಇಳಿಸಿದರೆ ಅದು ನೇರವಾಗಿ ಟ್ರೇಲರಿನ ಮೂತಿ ಎತ್ತಿಳಿಸುವ ಟಂಗ್ ಜ್ಯಾಕಿನ ಮೋಟಾರ್ ತಲೆಗೆ ಬಡಿಯಬಹುದು. ನಿಧಾನವಾಗಿ ಕೈಯಲ್ಲಿ ಹಿಡಿದು ಇಳಿಸಿ ನೋಡಿ, ಬಡಿಯುವಂತಿದ್ದರೆ ರಿಮೋಟಿನಲ್ಲಿ ಟೇಲ್‌ಗೇಟ್ ಬಿಡುವ ಅಭ್ಯಾಸ ಬಿಡಿ.

ಡೆನ್ವರಿನಿಂದ ಐ-70ರಲ್ಲಿ ಪಶ್ಚಿಮಕ್ಕೆ ಹತ್ತಿದರೆ ಐಸೆನ್‌ಹೋವರ್ ಸುರಂಗ 11,000 ಅಡಿ ದಾಟಿದ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. ಕಡಲಮಟ್ಟದ 430 ಕುದುರೆಯಲ್ಲಿ ಅಲ್ಲಿ ಉಳಿಯುವುದು 300ರ ಹತ್ತಿರ. ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಮೋಡ್ ಒತ್ತಿ, ಬಲಗಡೆ ಲೇನ್ ಹಿಡಿದರೆ ಎಂಜಿನ್ 4,000 ಆರ್‌ಪಿಎಂ ಮೇಲೆ ಅರಚುತ್ತಾ ಹತ್ತುತ್ತದೆ. ಗಾಬರಿ ಬೇಡ, ಈ ಎಂಜಿನ್ ಮಾಡಿರುವುದೇ ಹಾಗೆ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ 10 ಮೈಲಿ ಇಳಿಸಿ, ಪೂರ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇದ್ದರೆ ಟ್ರೇಲರಿನ ಡ್ರಮ್ ಕಾದು ಹಿಡಿತ ಬಿಡುತ್ತದೆ.